ಗುರಿ ಎತ್ತರವಿರಲಿ, ಕಾಲು ಮೆಟ್ಟಿಲ ಮೇಲಿರಲಿ!

ಮಕ್ಕಳು ಓದುವ ಮನೆ ಅಂದಮೇಲೆ ಗೋಡೆಯ ಮೇಲೆ ನಾಲ್ಕು ಹಿತನುಡಿ ಇದ್ದೇ ಇರುತ್ತವೆ, ಅಲ್ಲವೇ? ‘ಗುರಿ ಎತ್ತರವಿರಲಿ’, ‘ದೃಷ್ಟಿ ಶಿಖರದ ಮೇಲಿರಲಿ’, ‘ಹಿಂದಿರುಗಿ ನೋಡಬೇಡ’, ‘ನಡುವೆ ನಿಲ್ಲಬೇಡ’. ಪಿ.ಯು.ಸಿ. ಓದುವ ಮಗಳಿರುವ ನಮ್ಮ ಮನೆಯಲ್ಲಂತೂ ಗೋಡೆಗೆ ಬಳಿದ ಬಣ್ಣವೇ ಕಾಣದಷ್ಟು ಅಂಟಿಸಿಬಿಟ್ಟಿದ್ದಾರೆ ನಮ್ಮ ಯಜಮಾನರು. ಈ ಮಾತುಗಳನ್ನು ಇದ್ದದ್ದು ಇದ್ದ ಹಾಗೆ ಪಾಲಿಸಿದರೆ ಏನಾಗುತ್ತದೆ ಅಂತ ತಿಳಿಯಬೇಕೇ? ಒಮ್ಮೆ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ.

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರಿನಲ್ಲಿ ಎರಡು ಬೆಟ್ಟ. ಒಂದು ಚಂದ್ರಗಿರಿ ಎಂಬ ಚಿಕ್ಕಬೆಟ್ಟ, ಇನ್ನೊಂದು ವಿಂಧ್ಯಗಿರಿ ಎಂಬ ದೊಡ್ಡಬೆಟ್ಟ. ನಡುವೆ ಕಲ್ಯಾಣಿ. ‘ಬಿಳಿಯ ಕೊಳ’ವೇ ಬೆಳಗೊಳವಾಯಿತು ಅನ್ನುತ್ತಾರೆ. ಗೊಮ್ಮಟೇಶ್ವರ ನಿಂತಿರುವುದು ದೊಡ್ಡಬೆಟ್ಟದ ಮೇಲೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು 600ಕ್ಕೂ ಹೆಚ್ಚು. ಚಪ್ಪಲಿ ಕೆಳಗೇ ಬಿಟ್ಟು ಹತ್ತಬೇಕು.

ನಮ್ಮ ಯಜಮಾನರು ದೃಷ್ಟಿಯನ್ನು ಶಿಖರದ ಮೇಲೇ ಇಟ್ಟು ಹೊರಟರು ನೋಡಿ, ಮೂವತ್ತನೇ ಮೆಟ್ಟಿಲಿಗೇ ಹೆಬ್ಬೆರಳು ಎಡವಿತು! ‘ಹಿಂದಿರುಗಿ ನೋಡಬೇಡ’ ಎಂದು ಮುಂದೆ ಸಾಗಿದರು. ನೀರಿನ ಬಾಟಲಿ ಇದ್ದ ಚೀಲ ಹಿಂದೆ ನನ್ನ ಕೈಯಲ್ಲಿತ್ತು. ‘ನಡುವೆ ನಿಲ್ಲಬೇಡ’ ಎಂದು ಇನ್ನೂರು ಮೆಟ್ಟಿಲು ಹತ್ತಿ, ಆಮೇಲೆ ಮಾತೇ ಹೊರಡದೆ ಬಂಡೆಗೊರಗಿ ಕುಳಿತರು. ಅತ್ತ ದಿನವೂ ಡೋಲಿ ಹೊರುವವರು ಅಲ್ಲಲ್ಲಿ ಡೋಲಿ ಇಳಿಸಿ, ಬೆವರು ಒರೆಸಿಕೊಂಡು, ಮತ್ತೆ ಎತ್ತಿಕೊಂಡು ಹೋಗುತ್ತಿದ್ದರು. ಬೆಟ್ಟ ಗೊತ್ತಿದ್ದವರಿಗೆ ನಿಲ್ಲುವುದೂ ಗೊತ್ತು!

ಮೇಲೆ ಹೋದ ಮೇಲೆ ಮಾತ್ರ ಎಲ್ಲ ದಣಿವೂ ಮಾಯ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ, ಸುಮಾರು 58 ಅಡಿ ಎತ್ತರದ ಏಕಶಿಲಾ ಮೂರ್ತಿ. ಕಾಲ ಬಳಿ ಹುತ್ತ, ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿ. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಿಂತವನು ಬಾಹುಬಲಿ.

ನನ್ನ ಮಗಳು ಬಹಳ ಹೊತ್ತು ನೋಡಿ, “ಅಮ್ಮಾ, ಇಷ್ಟು ಎತ್ತರ ಇರೋನು ಗೆದ್ದಿದ್ದನ್ನೇ ಬಿಟ್ಟನಲ್ಲ. ನಂಗೆ ಮಾರ್ಕ್ಸ್ ಸ್ವಲ್ಪ ಕಡಿಮೆ ಬಂದ್ರೆ ಅಪ್ಪ ಬೇಜಾರು ಮಾಡ್ಕೋತಾರಾ?” ಅಂದಳು. ಪರೀಕ್ಷೆ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗಿ. ತಿಂಗಳಿನಿಂದ ಸರಿಯಾಗಿ ಊಟ ಮಾಡದಿದ್ದುದಕ್ಕೆ ಕಾರಣ ನನಗೆ ಆಗ ತಿಳಿಯಿತು. ಯಜಮಾನರಿಗೂ ಕೇಳಿಸಿತು.

ನಾನು ಅವಳನ್ನು ಮೂರ್ತಿಯ ಎದುರಿಗಿರುವ ಗುಳ್ಳಕಾಯಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಕಥೆ ನೀವೂ ಕೇಳಿರಬಹುದು. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲವಂತೆ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಅಡಿಯಿಂದ ಮುಡಿಯವರೆಗೆ ತೋಯಿಸಿ ಬೆಟ್ಟದಿಂದ ಇಳಿಯಿತಂತೆ. “ಅಜ್ಜಿ ತನ್ನ ಕೈಲಾದಷ್ಟು ತಂದಳು ಮಗಳೇ, ಅಷ್ಟೇ” ಅಂದೆ. ಯಜಮಾನರು ಮಾತಾಡಲಿಲ್ಲ. ಇಳಿಯುವಾಗ ಮಾತ್ರ ಮಗಳ ಕೈ ಹಿಡಿದು, ಅವಳು ನಿಂತಲ್ಲೆಲ್ಲ ತಾವೂ ನಿಂತು, ಮೆಟ್ಟಿಲು ನೋಡಿಕೊಂಡೇ ಇಳಿದರು.

ಹೋಗುವವರಿಗೆ ಒಂದೆರಡು ಮಾತು. ಚನ್ನರಾಯಪಟ್ಟಣದಿಂದ ಬಸ್ಸುಗಳಿವೆ. 2017ರಿಂದ ಬೆಂಗಳೂರು–ಹಾಸನ ಮಾರ್ಗದ ರೈಲೂ ಇದೆ. ಬೆಳಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಬಂಡೆ ಕಾಲು ಸುಡುತ್ತದೆ. ಕಾಲುಚೀಲ ಇಟ್ಟುಕೊಳ್ಳಿ. ಮಂಡಿನೋವಿನ ಅತ್ತೆಯವರಿದ್ದರೆ ಡೋಲಿ ಸಿಗುತ್ತದೆ. ಬುತ್ತಿಗೆ ಪುಳಿಯೋಗರೆ ಒಳ್ಳೆಯದು, ಕೆಡುವುದಿಲ್ಲ. ಹಿತನುಡಿಗಳನ್ನು ಮಾತ್ರ ಚಪ್ಪಲಿಯ ಜೊತೆ ಕೆಳಗೇ ಬಿಟ್ಟು ಹತ್ತಿ!