ಕೊಂದವನ ಹೆಸರು

ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡಬಹುದಾದ ಕೆಲಸಗಳು ಲೋಕದಲ್ಲಿ ಬಹಳಿಲ್ಲ. ಸಂಸಾರ ಮಾಡಬಹುದು, ಸಂತೆ ಮಾಡಬಹುದು, ಜಗಳ ಮಾಡಬಹುದು. ಕೊನೆಯ ಎರಡನ್ನು ಒಂದೇ ಸಲಕ್ಕೆ ಮಾಡುವುದೂ ಉಂಟು. ಇಬ್ಬರೂ ಜೊತೆಗೂಡಿ ಹಳೆಯ ಕೊಲೆಗಳನ್ನು ಪತ್ತೆ ಮಾಡುವುದು ಮಾತ್ರ ಇಂಗ್ಲಿಷ್ ಕಾದಂಬರಿಕಾರರಿಗೆ ಹೊಳೆದ ಉದ್ಯೋಗ. ಅಗಾಥಾ ಕ್ರಿಸ್ಟಿಯ ಟಾಮಿ ಮತ್ತು ಟಪೆನ್ಸ್ ಎಂಬ ಜೋಡಿ 1922ರಲ್ಲಿ ಮೊದಲು ಕಾಣಿಸಿಕೊಂಡಾಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. 1973ರ ಕೊನೆಯ ಕಾದಂಬರಿಯ ಹೊತ್ತಿಗೆ ಇಬ್ಬರೂ ಮುದುಕರಾಗಿ, ಹೊಸದಾಗಿ ಕೊಂಡ ಮನೆಯೊಂದರಲ್ಲಿ ಹಳೆಯ ಪುಸ್ತಕಗಳ ಧೂಳು ಕೊಡವುತ್ತಿದ್ದಾರೆ. ಒಂದು ಪುಸ್ತಕದಲ್ಲಿ ಅಲ್ಲಲ್ಲಿ ಅಕ್ಷರಗಳ ಕೆಳಗೆ ಯಾರೋ ಗೆರೆ ಎಳೆದಿದ್ದಾರೆ. ಕೂಡಿಸಿ ಓದಿದರೆ, ಎಷ್ಟೋ ವರ್ಷಗಳ ಹಿಂದೆ ಸತ್ತ ಹೆಂಗಸೊಬ್ಬಳ ಸಾವು ಸಹಜವಲ್ಲವೆಂದು ತಿಳಿಯುತ್ತದೆ. ಕನ್ನಡ ಮೇಷ್ಟರಿಗೆ ಒಪ್ಪುವ ಪತ್ತೇದಾರಿಕೆ ಇದು. ಇದಕ್ಕೆ ಪಿಸ್ತೂಲು ಬೇಡ, ಕನ್ನಡಕ ಸಾಕು.

ನಮ್ಮಲ್ಲಿಯೂ ಪತ್ತೇದಾರರಿಗೆ ಕೊರತೆಯಿರಲಿಲ್ಲ. ಎನ್. ನರಸಿಂಹಯ್ಯನವರು ಐನೂರು ಪತ್ತೇದಾರಿ ಕಾದಂಬರಿಗಳ ಗಡಿ ದಾಟಿದವರು. ಅವರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ಹಿರಿಯರು ನಮ್ಮ ಹಾವೇರಿಯಲ್ಲಿ ಈಗಲೂ ಸಿಗುತ್ತಾರೆ. ಈ ಕಾದಂಬರಿಗಳ ದೊಡ್ಡ ಗುಣವೆಂದರೆ ಕೊನೆಯ ಹಾಳೆಯಲ್ಲಿ ಕೊಂದವನ ಹೆಸರು ಗೊತ್ತಾಗುತ್ತದೆ. ಲೋಕದ ದಫ್ತರಗಳಲ್ಲಿ ಹೀಗಾಗುವುದು ಕಡಿಮೆ. ನಮ್ಮ ಪೊಲೀಸರಲ್ಲಿ 'ಸಿ ರಿಪೋರ್ಟು' ಎಂಬುದೊಂದಿದೆ. ಅಪರಾಧ ನಡೆದದ್ದು ನಿಜ, ಮಾಡಿದವರು ಮಾತ್ರ ಪತ್ತೆಯಾಗಲಿಲ್ಲ ಎಂದು ಬರೆದು ನ್ಯಾಯಾಲಯಕ್ಕೆ ಒಪ್ಪಿಸುವ ಕಾಗದ. ಅದು ಹೋದ ಮೇಲೆ ಕಡತಕ್ಕೆ ದಾರ ಸುತ್ತುತ್ತಾರೆ.

ಕಲ್ಲಿನ ಮೇಲೆ ಬರೆದ ಇಂಥ ಕಡತಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ನಾನು ವೀರಗಲ್ಲುಗಳ ಮಾತು ಆಡುತ್ತಿದ್ದೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರು ತಾಲೂಕುಗಳಲ್ಲಿ ತಿರುಗಾಡಿದವರಿಗೆ ಹನುಮಪ್ಪನ ಗುಡಿಯ ಹಿಂದೆಯೋ, ಕೆರೆಯ ಏರಿಯ ಮೇಲೋ ಒಂದು ವೀರಗಲ್ಲು ಎದುರಾಗಿಯೇ ಆಗುತ್ತದೆ. ಕೆಲವಕ್ಕೆ ಎಣ್ಣೆ ಕುಂಕುಮದ ಭಾಗ್ಯ, ಕೆಲವಕ್ಕೆ ಎಮ್ಮೆ ಮೈ ತಿಕ್ಕುವ ಭಾಗ್ಯ. ನಮ್ಮೂರ ಸಿದ್ಧೇಶ್ವರನ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ವಾಡಿಕೆಗೆ ವಿರುದ್ಧವಾಗಿ ಪಡುವಣಕ್ಕೆ ಮುಖ ಮಾಡಿ ನಿಂತದ್ದು. ಅದರ ಆವರಣದಲ್ಲಿಯೂ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿರುವುದು; ತುದಿಗೆ ಸೂರ್ಯ, ಚಂದ್ರ. ಬಹಳಷ್ಟು ವೀರಗಲ್ಲುಗಳ ಮಾದರಿ ಇದೇ. ಕಾಳಗದ ಕಾರಣಗಳಿಗೆ ಶಾಸನಗಳಲ್ಲಿ ಸಿದ್ಧವಾದ ಪದಗಳೇ ಉಂಟು: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ದನ ಹೊಡೆದುಕೊಂಡು ಹೋದರು, ಊರು ಸೂರೆ ಮಾಡಿದರು, ಹೆಣ್ಣಿಗೆ ಕೈ ಹಾಕಿದರು. ಸಾವಿರ ವರ್ಷಗಳಲ್ಲಿ ಕಾರಣಗಳ ಪಟ್ಟಿ ಬಹಳ ಬೆಳೆದಂತೆ ನನಗೆ ತೋರುವುದಿಲ್ಲ.

ನಮ್ಮ ಮನೆಯಾಕೆ ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮೆಣಸಿನಕಾಯಿಯ ಹಂಗಾಮಿನಲ್ಲಿ ಸೀನುತ್ತಲೇ ಮನೆಗೆ ಬರುತ್ತಾಳೆ. ಆ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕವೆಲ್ಲ ಹೊಗಳುತ್ತದೆ. ಮೂಗಿನ ಮುಂದೆ ಆ ಲೆಕ್ಕ ನಡೆಯುವುದಿಲ್ಲವೆಂದು ಅವಳ ಅಂಬೋಣ. ಕೆಲವು ವರ್ಷಗಳ ಹಿಂದೆ ಒಂದು ರವಿವಾರ ಅವಳನ್ನು ಸಿದ್ಧೇಶ್ವರನ ಗುಡಿಗೆ ಕರೆದುಕೊಂಡು ಹೋಗಿ, ವೀರಗಲ್ಲಿನ ಶಾಸನ ಸಾಮಾನ್ಯವಾಗಿ ಹೇಗಿರುತ್ತದೆಂದು ಪಾಠ ಒಪ್ಪಿಸಿದೆ. ಮೊದಲು ಅರಸ, ಆಮೇಲೆ ಶಕವರ್ಷ, ಸಂವತ್ಸರ, ತಿಥಿ, ವಾರ, ಆಮೇಲೆ ಊರು, ಸತ್ತವನ ಹೆಸರು, ಅವನ ಪರಾಕ್ರಮ, ಸ್ವರ್ಗಪ್ರಾಪ್ತಿ, ಕೊನೆಗೆ ಕಲ್ಲು ನಿಲ್ಲಿಸಿದವರ ಹೆಸರು. ಅವಳು ಲೆಕ್ಕ ತಿದ್ದುವವಳ ಹಾಗೆ ತಲೆ ಓರೆ ಮಾಡಿ ಕೇಳಿದಳು: "ಅಲ್ರೀ, ಸತ್ತಾಂವನ ಹೆಸರು ಐತಿ, ಕಲ್ಲು ನಿಲ್ಲಿಸಿದಾಂವನ ಹೆಸರು ಐತಿ. ಕೊಂದಾಂವನ ಹೆಸರು ಎಲ್ಲೈತ್ರೀ?"

ಇಷ್ಟು ವರ್ಷ ಹಳಗನ್ನಡ ಕಲಿಸಿದವನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ದೊಡ್ಡ ಯುದ್ಧವಾದರೆ ಎದುರಾಳಿ ಅರಸನ ಹೆಸರು ಬರುವುದುಂಟು. ಊರ ಮಟ್ಟದ ಕಾಳಗಗಳಲ್ಲಿ ಸಾಮಾನ್ಯವಾಗಿ ಕೊಂದವನು 'ಕಳ್ಳರು' ಎಂಬ ಬಹುವಚನದಲ್ಲಿ ಅಡಗಿ ಕುಳಿತಿರುತ್ತಾನೆ. ವೀರನಿಗೆ ಸ್ವರ್ಗ ಸಿಕ್ಕಿತಲ್ಲ, ಇನ್ನು ಅವನ ವಿಚಾರವೇಕೆ ಎಂದು ಕಂಡರಿಸಿದವನು ಉಳಿ ಕೆಳಗಿಟ್ಟುಬಿಟ್ಟ. "ಮತ್ತ ಅವನ ಹೇಣ್ತಿ?" ಎಂದು ಮತ್ತೊಂದು ಪ್ರಶ್ನೆ ಬಂತು. ಇದಕ್ಕೆ ಉತ್ತರ ಗೊತ್ತಿತ್ತು, ಹೇಳಲು ಮನಸ್ಸಾಗಲಿಲ್ಲ. ಹೆಂಡತಿಗೆಂದು ಬೇರೆ ಕಲ್ಲಿದೆ, ಮಾಸ್ತಿಕಲ್ಲು. ಅದರಲ್ಲಿ ಕಂಬದಿಂದ ಹೊರಟ ಒಂದು ತೋಳು, ಮಡಚಿದ ಮೊಣಕೈ, ಕೈತುಂಬ ಬಳೆ. ಗಂಡನ ಸಾವಿಗೆ ಆಕೆ ಸಾಕ್ಷಿ ಹೇಳುವಂತಿಲ್ಲ. ಆಕೆಯೂ ಚಿತೆಯೇರಿದರೆ ಕಲ್ಲು ಸಿಗುತ್ತದೆ.

ಈ ಕಲ್ಲುಗಳನ್ನು ಓದಲು ನಮಗೆ ಕಲಿಸಿದವರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಮುಖ್ಯರು. ನಾನು ಧಾರವಾಡದಲ್ಲಿ ಎಂ.ಎ. ಓದುವ ಹೊತ್ತಿಗೆ ಅವರು ಅಲ್ಲಿನ ಅಧ್ಯಾಪನ ಮುಗಿಸಿದ್ದರು. ನಮಗೆ ಅವರು ಪುಸ್ತಕದ ಬೆನ್ನಿನ ಮೇಲಿನ ಹೆಸರು. ಅವರದು 'ಧಾರವಾಡ ಜಿಲ್ಲೆಯ ಶಾಸನ ಸೂಚಿ' ಎಂಬ ಪುಸ್ತಕವಿದೆ. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನದಾದ್ದರಿಂದ ನಮ್ಮ ಮೂರು ತಾಲೂಕುಗಳೂ ಆ ಸೂಚಿಯ ಸೀಮೆಯೊಳಗೇ ಬಂದವು. 'ಶಾಸನಗಳಲ್ಲಿ ಶಿವಶರಣರು' ಎಂಬುದು ಇನ್ನೊಂದು. ಪುರಾಣಗಳು ಭಕ್ತಿಯಿಂದ ಹೇಳಿದ್ದನ್ನು ಕಲ್ಲಿನ ಸಾಕ್ಷಿಯ ಮುಂದೆ ನಿಲ್ಲಿಸಿ, ಯಾವುದು ನಡೆದದ್ದು, ಯಾವುದು ಆಮೇಲೆ ಬೆಳೆದದ್ದು ಎಂದು ಕೇಳುವ ಬಗೆಯದು. ಮೂರನೆಯದರ ಹೆಸರನ್ನು ಈಗ ಹೇಳುವಾಗ ನಾಲಿಗೆ ಒಂದು ಗಳಿಗೆ ತಡೆಯುತ್ತದೆ: 'ಸಮಾಧಿ-ಬಲಿದಾನ-ವೀರಮರಣ ಸ್ಮಾರಕಗಳು'. ಬಾಳಿನ ಬಹುಭಾಗವನ್ನು ಈ ಮನುಷ್ಯ ಹಳೆಯ ಸಾವುಗಳ ವಿಚಾರಣೆಯಲ್ಲಿ ಕಳೆದರು. ವಿಚಾರಣೆಯ ಫಲ ಎಲ್ಲರಿಗೂ ರುಚಿಸಲಿಲ್ಲ. ಸಂಶೋಧನೆಗೆ ಅದು ಹೊಸತಲ್ಲ. 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳೂ ಆಗಿ ಬಂದು, ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಬರೆಯುತ್ತ ಕುಳಿತಿದ್ದರು.

2015ರ ಆಗಸ್ಟ್ 30, ರವಿವಾರ. ಬೆಳಗಿನ ಹೊತ್ತು ಇಬ್ಬರು ಮೋಟಾರುಬೈಕಿನ ಮೇಲೆ ಬಂದರು. ಒಬ್ಬ ಬಾಗಿಲಿಗೆ ಬಂದ. ಧಾರವಾಡದಲ್ಲಿ ಮೇಷ್ಟರ ಮನೆಯ ಬಾಗಿಲು ಬಡಿದವನನ್ನು ನೀನು ಯಾರಪ್ಪಾ ಎಂದು ಶಂಕಿಸುವ ರೂಢಿಯಿಲ್ಲ, ಪದವಿಯವನೋ, ಪಿ.ಎಚ್‌ಡಿಯವನೋ ಇರುತ್ತಾನೆ, ಒಳಗೆ ಬರುತ್ತಾನೆ, ಚಹಾ ಕುಡಿಯುತ್ತಾನೆ. ಆ ಊರಿನ ಕಾಲೇಜುಗಳೆಲ್ಲ ಬೆಳೆದದ್ದು ಈ ನಂಬಿಕೆಯ ಮೇಲೆ. ಬಂದವನು ಗುಂಡು ಹಾರಿಸಿದ. ಕಲಬುರ್ಗಿಯವರಿಗೆ 76 ವರ್ಷ. ಆ ಮುಖವನ್ನು ಕಂಡು ಉಳಿದವರು ಅವರ ಪತ್ನಿ ಉಮಾದೇವಿ.

ಆ ದಿನ ಮಧ್ಯಾಹ್ನದವರೆಗೆ ಕನ್ನಡ ಕಲಿಸುವ ನಾವೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿದೆವು. ರಾಣೆಬೆನ್ನೂರಿನ ಗೆಳೆಯರೊಬ್ಬರು ಕರೆ ಮಾಡಿ ಏನೂ ಮಾತಾಡದೆ ಇಟ್ಟುಬಿಟ್ಟರು. ಮರುದಿನದಿಂದ ಸಭೆ, ಮೆರವಣಿಗೆ, ಶ್ರದ್ಧಾಂಜಲಿ. ನಾವು ಬೇಗನೆ ವೀರಗಲ್ಲಿನ ಮೇಲಿನ ಎರಡು ಪಟ್ಟಿಕೆಗಳನ್ನು ಕೆತ್ತಿ ಮುಗಿಸಿದೆವು. ಹುತಾತ್ಮರೆಂದು ಕರೆದೆವು, ಅಮರರೆಂದೆವು. ಸಿ.ಐ.ಡಿ. ತನಿಖೆ ನಡೆಯುತ್ತಿತ್ತು. ವರ್ಷ ಒಂದಾಯಿತು, ಎರಡಾಯಿತು. ಪತ್ರಿಕೆಯಲ್ಲಿ ಸುದ್ದಿ ಮೊದಲ ಪುಟದಿಂದ ಒಳಗಿನ ಪುಟಕ್ಕೆ, ಅಲ್ಲಿಂದ ಆಗಸ್ಟ್ ತಿಂಗಳಿಗೊಮ್ಮೆ ಎಂಬಲ್ಲಿಗೆ ಇಳಿಯಿತು.

ದಾರ ಸುತ್ತಲು ಬಿಡದವರು ಉಮಾದೇವಿಯವರು. 2018ರ ಜನವರಿಯಲ್ಲಿ, ವಿಶೇಷ ತನಿಖಾ ತಂಡ ಬೇಕೆಂಬ ಅವರ ಅರ್ಜಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅರ್ಜಿಯಲ್ಲಿದ್ದ ವಾದದ ತಿರುಳು ನಮ್ಮ ಶಾಸನ ಪಾಠದ್ದೇ: ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ಓದಿ. ಪುಣೆಯಲ್ಲಿ 2013ರಲ್ಲಿ ದಾಭೋಲ್ಕರ್. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ. ಪಾನ್ಸರೆಯವರ ಪತ್ನಿಗೂ ಗುಂಡು ತಗುಲಿತ್ತು, ಅವರು ಬದುಕಿದರು. ಅವರ ಹೆಸರೂ ಉಮಾ. ಬಿಡಿಬಿಡಿಯಾಗಿ ಓದಿದರೆ ಮೂರು ಊರಿನ ಮೂರು ಕೊಲೆ, ಮೂರು ಕಡತ. ಅಷ್ಟರಲ್ಲಿ 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯೂ ಆಗಿಹೋಗಿತ್ತು. ಗೌರಿಯವರನ್ನೂ ಕಲಬುರ್ಗಿಯವರನ್ನೂ ಕೊಂದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ಹೇಳಿತು. ಗುಂಡಿನ ಕೊಪ್ಪದ ಮೇಲೆ ಪಿಸ್ತೂಲು ತನ್ನ ಗೀರನ್ನು ಬಿಟ್ಟುಹೋಗುತ್ತದೆ. ಒಬ್ಬನೇ ಕಲ್ಲುಕುಟಿಗನ ಕೈಬರಹವನ್ನು ಎರಡು ಊರಿನ ಕಲ್ಲುಗಳಲ್ಲಿ ಗುರುತಿಸಿದ ಹಾಗೆ ಪರಿಣತರು ಅದನ್ನು ಓದುತ್ತಾರೆ. ಕಲಬುರ್ಗಿಯವರು ಇದ್ದಿದ್ದರೆ ಈ ವಿಧಾನವನ್ನು ಮೆಚ್ಚುತ್ತಿದ್ದರು ಎಂದುಕೊಂಡೆ. ಕೂಡಲೇ ಆ ಯೋಚನೆಯ ಕ್ರೌರ್ಯಕ್ಕೆ ನಾಚಿದೆ.

2018ರ ಕೊನೆಗೆ ಸುಪ್ರೀಂ ಕೋರ್ಟು ತನಿಖೆಯ ನಿಧಾನವನ್ನು ಕಟುವಾಗಿಯೇ ಪ್ರಶ್ನಿಸಿತು. 2019ರ ಫೆಬ್ರುವರಿಯಲ್ಲಿ ಪ್ರಕರಣವನ್ನು ಗೌರಿ ಹತ್ಯೆಯ ತನಿಖೆ ನಡೆಸುತ್ತಿದ್ದ ವಿಶೇಷ ತಂಡಕ್ಕೇ ಒಪ್ಪಿಸಿ, ಧಾರವಾಡದ ಉಚ್ಚ ನ್ಯಾಯಾಲಯ ಪೀಠದ ಮೇಲ್ವಿಚಾರಣೆಯಲ್ಲಿ ಇಟ್ಟಿತು. ಆಮೇಲೆ ಕೆಲಸ ತಿಂಗಳುಗಳ ಲೆಕ್ಕದಲ್ಲಿ ನಡೆಯಿತು. ಆರು ಜನರ ಮೇಲೆ ದೋಷಾರೋಪ ಪಟ್ಟಿ ಅದೇ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು. ಆರೋಪಿ ಅಪರಾಧಿಯೋ ಅಲ್ಲವೋ ಎಂದು ಹೇಳಬೇಕಾದದ್ದು ನ್ಯಾಯಾಲಯ. ಅದನ್ನು ಕನ್ನಡ ಮೇಷ್ಟರು ಹೇಳಬಾರದು.

ಪಟ್ಟಿಗೆ ಮುಂಚೆ ಗುರುತು ಪತ್ತೆಯ ಪರೇಡು ನಡೆದಿತ್ತು. ಅದರ ಕ್ರಮ ಸರಳ: ಶಂಕಿತನನ್ನು ಅವನ ವಯಸ್ಸಿನ, ಮೈಕಟ್ಟಿನ ಬೇರೆ ಕೆಲವರ ಸಾಲಿನಲ್ಲಿ ನಿಲ್ಲಿಸುತ್ತಾರೆ, ಸಾಕ್ಷಿದಾರರು ಒಬ್ಬೊಬ್ಬರ ಮುಖ ನೋಡುತ್ತ ಬರಬೇಕು. ಒಂದು ಬೆಳಗ್ಗೆ ಬಾಗಿಲಲ್ಲಿ ಕಂಡ ಮುಖ, ಅದೂ ನಾಲ್ಕು ವರ್ಷಗಳ ಕೆಳಗೆ. ಪತ್ರಿಕೆಯಲ್ಲಿ ಈ ಸುದ್ದಿ ಬಂದ ದಿನ ನಮ್ಮಾಕೆ ಅದನ್ನು ಎರಡು ಸಲ ಓದಿ, ಪುಟ ಮಡಚದೆ ಹಾಗೆಯೇ ನನ್ನ ಮೇಜಿನ ಮೇಲಿಟ್ಟು ಶಾಲೆಗೆ ಹೋದಳು. ಉಮಾದೇವಿಯವರು ಸಾಲಿನಲ್ಲಿ ಒಬ್ಬನನ್ನು ಗುರುತಿಸಿದ್ದರು.