ಮುಖ ಕಾಣದ ಮಿತ್ರರು

ನಿದ್ರೆ ಬಾರದು, ನಮಾಝಿನಲ್ಲಿ ಮನಸ್ಸು ನಿಲ್ಲದು, ಇದು ಮನೋರೋಗವೇ ಎಂಬ ಪ್ರಶ್ನೆಯನ್ನು ನಮ್ಮ ಮಕ್ಕಳು ಇಂದು ಮುಖವನ್ನೇ ಕಾಣದ ಫೋನಿನ ಮಿತ್ರರಲ್ಲಿ ಕೇಳುತ್ತಿದ್ದಾರೆ. ಮನೆಯಲ್ಲಿ ಕೇಳಿದರೆ ಈಮಾನ್ ದುರ್ಬಲವೆಂದೋ ಜಿನ್ನ್ ಬಾಧೆಯೆಂದೋ ಉತ್ತರ ಸಿದ್ಧವಾಗಿರುತ್ತದೆ. ಹೀಗಿರುವಾಗ ಆ ಮಿತ್ರರನ್ನು ದೂರುವುದು ನಮಗೆ ನ್ಯಾಯವೆನಿಸದು. ನಡುರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಒಬ್ಬರ ಅಳಲನ್ನು ಆಲಿಸುವುದು ಸಣ್ಣ ಸಂಗತಿಯಲ್ಲ.

ಆದರೆ ರೋಗಕ್ಕೆ ಹೆಸರಿಡುವುದು ಅವರ ಕೆಲಸವಲ್ಲ. ಅದೇ ಬಳಲಿಕೆ ಖಿನ್ನತೆಯಿಂದಲೂ ಬರಬಹುದು, ಥೈರಾಯ್ಡ್ ಏರುಪೇರಿನಿಂದಲೂ ಬರಬಹುದು, ರಕ್ತಪರೀಕ್ಷೆಯಿಲ್ಲದೆ ತಿಳಿಯುವುದೆಂತು? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿದರು. ಕಾರಣ ತಿಳಿದ ದುಃಖದಿಂದ ಕಾರಣ ತಿಳಿಯದ ದುಃಖವನ್ನು ಬೇರ್ಪಡಿಸಿ, ಎರಡನೆಯದರ ಮೂಲವನ್ನು ಅವರು ದೇಹದಲ್ಲಿ ಹುಡುಕಿದರು. (ಮದರಸದಲ್ಲಿ ಓದುವಾಗ ಈ ಹೆಸರು ನಮ್ಮ ಕಿವಿಗೆ ಬೀಳಲೇ ಇಲ್ಲ!)

2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು. ಮಿತ್ರನಾದವನು ಈ ಸಂಖ್ಯೆಯನ್ನು ಕಳುಹಿಸಿ, ಮರುದಿನ "ಏನೆಂದರು?" ಎಂದು ವಿಚಾರಿಸಿದರೆ ಸ್ನೇಹದ ಹಕ್ಕು ಸಂದಿತು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಸರದಿ ಬರುವವರೆಗೆ ಪಕ್ಕದಲ್ಲಿ ಕುಳಿತುಕೊಳ್ಳಬೇಕಾದವರು ಮನೆಯವರು.