ದಾರಿಯ ಕೊನೆಯ ಮನೆ

ಬೇಸಗೆಯಲ್ಲಿ ಪ್ರವಾಸಕ್ಕೆ ಹೊರಡುವವರಲ್ಲಿ ಕೆಲವರಿಗೆ ಸ್ಥಳದರ್ಶನವು ಪ್ರಧಾನ, ಕೆಲವರಿಗೆ ಬಂಧುದರ್ಶನವು ಪ್ರಧಾನ. ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವ ದೇಹಲೀದೀಪನ್ಯಾಯದಂತೆ, ಒಂದೇ ಪ್ರಯಾಣದಿಂದ ಎರಡೂ ಸಾಧಿಸುವುವೆಂದು ನಂಬಿ, ಮೈಸೂರಿನ ದಂಪತಿಗಳು 2024ನೆಯ ಇಸವಿಯ ವೈಶಾಖಮಾಸದಲ್ಲಿ ತಮ್ಮ ಚಿಕ್ಕ ಕಾರಿನಲ್ಲಿ ಮಲೆನಾಡಿನ ಕಡೆಗೆ ಹೊರಟರು.

ಯಜಮಾನರು ಅರವತ್ತಾರು ವರ್ಷದವರು. ಎಲ್ಲದರಲ್ಲಿಯೂ ಲೆಕ್ಕದ ಮನುಷ್ಯರು. ಪ್ರಯಾಣದ ಕ್ರಮವನ್ನು ಮೊದಲೇ ಕಾಗದದ ಮೇಲೆ ಬರೆದಿದ್ದರು. ಹಳೇಬೀಡು, ಬೇಲೂರು, ಮುಳ್ಳಯ್ಯನಗಿರಿ, ಶೃಂಗೇರಿ, ಆಗುಂಬೆ. ಐದನೆಯ ದಿನ ತೀರ್ಥಹಳ್ಳಿಯ ಸಮೀಪದ ಅಕ್ಕನ ಮನೆಯಲ್ಲಿ ಮಧ್ಯಾಹ್ನದ ಊಟ. ಅಂದೇ ಸಂಜೆಗೆ ಉಡುಪಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದವರು ಈ ಅಕ್ಕನೇ. ಎಂಬತ್ತು ದಾಟಿದ ಆಕೆಗೆ ಮರೆವು ಹೆಚ್ಚುತ್ತಿದೆಯೆಂದು ಸೋದರಳಿಯನು ಎರಡು ವರ್ಷಗಳಿಂದ ತಿಳಿಸುತ್ತಿದ್ದನು. ‘ಬೇಸಗೆಗೆ ಬರುತ್ತೇನೆ’ ಎನ್ನುತ್ತಲೇ ಅವರು ಎರಡು ಬೇಸಗೆಗಳನ್ನು ಕಳೆದಿದ್ದರು.

“ಮೊದಲು ಅತ್ತಿಗೆಯವರನ್ನು ನೋಡಿಬಿಡೋಣ, ಮಿಕ್ಕುದೆಲ್ಲ ಹಿಂದಿರುಗುವಾಗ ಆದೀತು” ಎಂದರು ಪತ್ನಿ.

“ದಾರಿಯಲ್ಲಿ ಸಿಕ್ಕುವುದನ್ನು ದಾಟಿಹೋಗುವುದುಂಟೆ?” ಎಂದು ಯಜಮಾನರು ಪಟ್ಟಿಯನ್ನು ಜೇಬಿಗೆ ಸೇರಿಸಿದರು.

ದರ್ಶನದಲ್ಲಿ ಕೊರತೆಯೇನೂ ಆಗಲಿಲ್ಲ. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳ ಪೈಕಿ ಎರಡನ್ನು ಒಂದೇ ದಿನದಲ್ಲಿ ಕಂಡರು. ಹಳೇಬೀಡಿನಲ್ಲಿ ಆನೆಗಳ ಸಾಲನ್ನು ಹಿಂಬಾಲಿಸಿ ನಡೆದರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯ ಮುಂದೆ ಬಹಳ ಹೊತ್ತು ನಿಂತರು. ಮರುದಿನ, ಕರ್ಣಾಟಕದಲ್ಲಿಯೇ ಅತ್ಯುನ್ನತವಾದ ಮುಳ್ಳಯ್ಯನಗಿರಿಯ ಮೇಲೆ ತಂಗಾಳಿ ಮೈಗೆ ತಗುಲಿತು. ಮೂರನೆಯ ದಿನ ಶೃಂಗೇರಿಯಲ್ಲಿ, ಹನ್ನೆರಡು ರಾಶಿಗಳ ಕಂಬಗಳುಳ್ಳ ವಿದ್ಯಾಶಂಕರ ದೇವಾಲಯವನ್ನು ನೋಡಿ, ತುಂಗೆಯ ಮೆಟ್ಟಿಲುಗಳಲ್ಲಿ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿದರು.

“ಈ ನೀರು ನಮಗಿಂತ ಮೊದಲೇ ಅತ್ತಿಗೆಯವರ ಊರನ್ನು ಸೇರುತ್ತದೆ” ಎಂದರು ಪತ್ನಿ. ಯಜಮಾನರು ಮಾತನಾಡಲಿಲ್ಲ.

ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯಲ್ಲಿ ನಾಲ್ಕನೆಯ ಸಂಜೆ ಮೋಡ ಕವಿದುದರಿಂದ ಸೂರ್ಯಾಸ್ತವು ಕಾಣಲಿಲ್ಲ. ಇಷ್ಟು ದೂರ ಬಂದು ಅದನ್ನು ನೋಡದೆ ಹೋಗುವುದು ಯಜಮಾನರಿಗೆ ಸರಿಬೀಳಲಿಲ್ಲ. ‘ಒಂದು ದಿನ ತಡವಾಗಿ ಬರುತ್ತೇವೆ’ ಎಂದು ಸೋದರಳಿಯನಿಗೆ ತಿಳಿಸಿ ಅಲ್ಲಿಯೇ ಉಳಿದರು. ಮರುದಿನ ಸೂರ್ಯನು ಕೆಂಡದ ಉಂಡೆಯಂತೆ ಪಡುವಣ ಕಡಲಿಗಿಳಿದನು. ನೋಟವು ನಿಜವಾಗಿಯೂ ದಿವ್ಯವಾಗಿತ್ತು.

ಆರನೆಯ ದಿನ ಅಕ್ಕನ ಮನೆಯನ್ನು ತಲಪಿದಾಗ ಆಕೆ ಜಗುಲಿಯಲ್ಲಿ ಕೋಲು ಹಿಡಿದು, ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳಗಳಿಗೆ ಕಾಗೆ ಬಾರದಂತೆ ಕಾಯುತ್ತ ಕುಳಿತಿದ್ದರು.

“ಯಾರು? ಬನ್ನಿ, ಕೈಕಾಲು ತೊಳೆದುಕೊಳ್ಳಿ. ಬೆಲ್ಲ, ನೀರು ತರಿಸುತ್ತೇನೆ” ಎಂದರು.

ಹುಟ್ಟಿದಂದಿನಿಂದ ಆಕೆ ತಮ್ಮನೊಡನೆ ಬಹುವಚನದಲ್ಲಿ ಮಾತನಾಡಿದುದು ಅದೇ ಮೊದಲು.

ಸೋದರಳಿಯನು ಸಂಕೋಚದಿಂದ ಹೇಳಿದನು: “ನಿನ್ನೆ ಅಮ್ಮ ಬಹಳ ಚೆನ್ನಾಗಿದ್ದಳು, ಮಾವ. ನೀವು ಬರುವಿರೆಂದು ಬೆಳಗಿನಿಂದ ಬಾಗಿಲಲ್ಲಿಯೇ ಕುಳಿತಿದ್ದಳು. ನಾಳೆ ಬರುತ್ತಾರೆ ಎಂದರೆ ಕೇಳಲಿಲ್ಲ.”

ಊಟಕ್ಕೆ ಕುಳಿತಾಗ ಸೊಸೆಯು ಮಾವಿನಮಿಡಿಯ ಭರಣಿಯನ್ನು ತಂದಳು. ಅಕ್ಕ ಅದನ್ನು ತಡೆದು, “ಅದನ್ನು ಮುಟ್ಟಬೇಡ. ತಮ್ಮ ಬರುತ್ತೇನೆಂದಿದ್ದಾನೆ, ಅವನಿಗೆಂದು ಇಟ್ಟಿದ್ದೇನೆ” ಎಂದರು. ಯಜಮಾನರು ತಲೆ ತಗ್ಗಿಸಿ ಮಜ್ಜಿಗೆಯನ್ನ ಉಂಡು ಎದ್ದರು. ಕೈ ತೊಳೆಯಲು ಹೋದವರು ಬಚ್ಚಲಮನೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಂದು ಉಡುಪಿಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಎಂಟು ದಿನ ಅಕ್ಕನ ಪಕ್ಕದಲ್ಲಿ ಕುಳಿತು ಹಪ್ಪಳ ಕಾಯುವುದೇ ಯಜಮಾನರ ಕೆಲಸವಾಯಿತು. ಆರನೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಆಕೆ ಅವರ ಮುಖವನ್ನು ದಿಟ್ಟಿಸಿ ನೋಡಿ, “ಇಷ್ಟು ತಡ ಮಾಡಿದೆಯಲ್ಲೋ! ಹಸಿದಿರಬೇಕು, ಏಳು” ಎಂದರು. ತಾವೇ ಭರಣಿಯನ್ನು ತೆರೆದು ಎಲೆಯ ತುದಿಗೆ ಮಿಡಿ ಬಡಿಸಿದರು. ಮರುದಿನ ಬೆಳಗ್ಗೆ ಪುನಃ ಬಹುವಚನವೇ. ಭರಣಿಯ ಬಟ್ಟೆ ಬಿಚ್ಚಿದುದನ್ನು ಕಂಡು, “ತಮ್ಮನಿಗಿಟ್ಟ ಮಿಡಿಯನ್ನು ಯಾರು ತಿಂದರು?” ಎಂದು ಮನೆಮಂದಿಯನ್ನೆಲ್ಲ ಗದರಿಸಿದರು. ಯಜಮಾನರು ತಪ್ಪನ್ನೊಪ್ಪಿಕೊಂಡರು.

ಹಿಂದಿರುಗುವ ದಾರಿಯಲ್ಲಿ ಬೇಲೂರಿನ ಗೋಪುರವು ಕಣ್ಣಿಗೆ ಬಿದ್ದಾಗ ಪತ್ನಿ, “ಇನ್ನೊಮ್ಮೆ ನೋಡುವಿರಾ?” ಎಂದು ಕೇಳಿದರು.

“ಒಂಬೈನೂರು ವರ್ಷ ನಿಂತದ್ದು, ಇನ್ನೂ ನಿಲ್ಲುತ್ತದೆ” ಎಂದು ಯಜಮಾನರು ಮುಂದೆ ಸಾಗಿದರು.

ಮುಂದಿನ ಬೇಸಗೆಯನ್ನು ಅವರು ಕಾಯಲಿಲ್ಲ. ಆಶ್ವಯುಜದಲ್ಲಿ ಮಳೆ ತಗ್ಗಿದೊಡನೆ ದಂಪತಿಗಳು ಅದೇ ದಾರಿಯಲ್ಲಿ ಮತ್ತೆ ಹೊರಟರು. ಆ ಸಲ ಪಟ್ಟಿಯನ್ನು ಬರೆಯಲಿಲ್ಲ. ಬೆಳಗಿನ ಜಾವಕ್ಕೆ ಮೈಸೂರನ್ನು ಬಿಟ್ಟವರು, ಊಟತಿಂಡಿಗಲ್ಲದೆ ನಡುವೆ ಎಲ್ಲಿಯೂ ಇಳಿಯದೆ, ದೀಪ ಹಚ್ಚುವ ಹೊತ್ತಿಗೆ ಅಕ್ಕನ ಅಂಗಳದಲ್ಲಿದ್ದರು.